ಆಟದ ಅಶೋಕ, ಸನ್ನತಿಯ ಅಶೋಕ

ರಾತ್ರಿ ಹನ್ನೊಂದು ದಾಟಿತ್ತು. ವಾಡಿಯಿಂದ ಕಾಕಾನ ಮಗ ಫೋನ್ ಮಾಡಿದ. "ಅಣ್ಣಾ, ಅಶೋಕ ಸಿಕ್ಕಾನ!"

ನಾನು ಎದ್ದು ಕೂತೆ. ಸನ್ನತಿ ಕಡೆ ಇನ್ನೊಂದು ಶಾಸನ ಸಿಕ್ಕಿತೇನೋ, ನಾಳೆ ಮೊದಲ ಬಸ್ಸಿಗೇ ಹೋಗಬೇಕು ಅಂದುಕೊಂಡೆ. "ಎಲ್ಲಿ ಸಿಕ್ತೋ?" ಅಂದರೆ ಅವನು ನಕ್ಕ. "ಹೊಲದಾಗಲ್ಲಣ್ಣಾ, ಆಟದಾಗ. ಹೊಸಾ ಸಿವಿಲೈಸೇಷನ್‌ದಾಗ ಅಶೋಕ ಬಂದಾನ. ಅದೂ ಇಬ್ಬರು ಅಶೋಕರು!"

ನಿದ್ದೆ ಕೆಡಿಸಿದ್ದಕ್ಕೆ ಬೈದು ಫೋನಿಟ್ಟೆ. ಆದರೆ 'ಇಬ್ಬರು ಅಶೋಕರು' ಅನ್ನುವ ಮಾತು ತಲೆಯಿಂದ ಹೋಗಲಿಲ್ಲ. ಮರುವಾರವೇ ವಾಡಿಗೆ ಹೋಗಿ ಅವನ ಕಂಪ್ಯೂಟರಿನ ಮುಂದೆ ಕೂತೆ. ಆ ಆಟ ನನ್ನ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯವನ್ನೇ ತಿರುಗಿ ಬರೆಸಿತು. ಅದರ ಕಥೆ ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸಿಡ್ ಮಯರ್ ಎಂಬಾತ 1991ರಲ್ಲಿ ಹೊರತಂದ 'ಸಿವಿಲೈಸೇಷನ್' ಇವತ್ತಿಗೂ ಹೊಸ ಹೊಸ ಆವೃತ್ತಿಗಳಲ್ಲಿ ಬರುತ್ತಿದೆ. ಏಳನೆಯದು 2025ರ ಫೆಬ್ರವರಿಯಲ್ಲಿ ಬಂತು. ಇದು ಓಡುವ, ಗುಂಡು ಹಾರಿಸುವ ಆಟವಲ್ಲ. ಚದುರಂಗದ ಹಾಗೆ ಸರದಿಯ ಆಟ. ನಿಮ್ಮ ಟರ್ನ್ ಬಂದಾಗ ಊರು ಕಟ್ಟಬಹುದು, ಹೊಲ ಮಾಡಬಹುದು, ದಂಡು ಸರಿಸಬಹುದು, ನೆರೆಯ ರಾಜನೊಡನೆ ಸಂಧಿ ಮಾಡಬಹುದು ಅಥವಾ ಯುದ್ಧ ಸಾರಬಹುದು. ಎಲ್ಲ ಮುಗಿಸಿ ಗುಂಡಿ ಒತ್ತಿದರೆ ಎದುರಾಳಿಗಳ ಸರದಿ. ನೆಲವೆಲ್ಲ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ನಿಮ್ಮವರು ಕಾಲಿಡದ ಮನೆಗಳ ಮೇಲೆ ಮಬ್ಬು ಮುಸುಕಿರುತ್ತದೆ. ನೂರಾರು ಟರ್ನ್‌ಗಳಲ್ಲಿ ಸಾವಿರಾರು ವರ್ಷ ಕಳೆಯುತ್ತವೆ. 'ಇನ್ನೊಂದೇ ಟರ್ನ್' ಅಂತ ಕೂತವರಿಗೆ ಕೋಳಿ ಕೂಗಿದ್ದೇ ಗೊತ್ತಾಗುವುದಿಲ್ಲ.

ನಮ್ಮ ಕಡೆ ಇದನ್ನು ಆಡುವವರು ಬಹಳ ಇಲ್ಲ. ನಮ್ಮದು ಮೂರು ಜನರ ಗುಂಪು. ಕಾಕಾನ ಮಗ ವಾಡಿಯಲ್ಲಿ, ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸ. ಎಂ.ಎ.ಯಲ್ಲಿ ನನ್ನ ಜೊತೆ ಓದಿದ ಗೆಳೆಯ ಚಿಂಚೋಳಿಯಲ್ಲಿ ಮೇಷ್ಟ್ರು. ನಾನು ಶಹಾಬಾದಿನವನು, ಕಾಗಿಣಾ ತೀರದ ಒಂಬತ್ತರಿಂದ ಹನ್ನೆರಡನೆಯ ಶತಮಾನದ ರಾಜಕೀಯ ಇತಿಹಾಸದ ಮೇಲೆ ಸಂಶೋಧನೆ ಮಾಡುತ್ತಿರುವವನು. ಮೂವರೂ ಒಂದೇ ಆಟ ಆಡಿದರೂ ಆಡುವ ರೀತಿ ಬೇರೆ. ಕಾಕಾನ ಮಗ ಇಪ್ಪತ್ತನೇ ಟರ್ನ್‌ಗೆಲ್ಲ ಬಿಲ್ಲಾಳುಗಳನ್ನು ಮಾಡಿ ಪಕ್ಕದವನ ಬಾಗಿಲಿಗೆ ಹೋಗಿರುತ್ತಾನೆ. "ಕಾಯ್ದರ ಅವ್ನೇ ಬರ್ತಾನಣ್ಣಾ, ಅದಕ್ಕ ನಾವೇ ಹೋಗೋದು" ಅನ್ನುವುದು ಅವನ ಯುದ್ಧನೀತಿ. ಚಿಂಚೋಳಿಯ ಮೇಷ್ಟ್ರು ಯುದ್ಧವನ್ನೇ ಮಾಡುವುದಿಲ್ಲ, ಕಾಡಿರುವ ಮನೆಗಳನ್ನು ಕಡಿಯುವುದೂ ಇಲ್ಲ. ಬೆನ್ನಿಗೇ ಅಭಯಾರಣ್ಯವಿರುವ ಊರಿನವನು, ಕೇಳಿದರೆ "ಇರ್ಲಿ ಬಿಡಪ್ಪಾ, ಅವೇನ್ ನಿಂಗ ಬ್ಯಾನಿ ಕೊಟ್ಟಾವ?" ಅನ್ನುತ್ತಾನೆ. ಗೆಲ್ಲುವುದು ಕಡಿಮೆ, ಆದರೆ ಅವನ ನಕ್ಷೆ ನೋಡಲಿಕ್ಕೆ ಚೆಂದ. ನಾನು ಎರಡರ ನಡುವಿನವನು. ಮೊದಲು ಊರು ಕಟ್ಟುತ್ತೇನೆ, ಗ್ರಂಥಾಲಯ ಕಟ್ಟುತ್ತೇನೆ, ಆಮೇಲೆ ಗ್ರಂಥಾಲಯದ ಬಲದಿಂದ ಬಂದ ತಂತ್ರವಿದ್ಯೆಯಲ್ಲಿ ಕವಣೆಯಂತ್ರ ಮಾಡಿ ಯುದ್ಧಕ್ಕೆ ಹೋಗುತ್ತೇನೆ. ವಿದ್ವಾಂಸರು ಹೆಚ್ಚು ಅಪಾಯಕಾರಿ ಅಂತ ಇಬ್ಬರೂ ನಗುತ್ತಾರೆ.

ಈ ಆಟಕ್ಕೂ ಭಾರತಕ್ಕೂ ಹಳೆಯ ನಂಟು. ಮೊದಲ ಆವೃತ್ತಿಯ ಗಾಂಧೀಜಿ ಇದ್ದಕ್ಕಿದ್ದಂತೆ ಅಣುಬಾಂಬ್ ಹಾಕುತ್ತಿದ್ದರು, ಅದು ಲೆಕ್ಕದ ಒಂದು ದೋಷದಿಂದ ಆದದ್ದು ಅಂತ ಆಟಗಾರರ ನಡುವೆ ಪ್ರಸಿದ್ಧವಾದ ಕಥೆಯಿದೆ. ಅಂಥ ದೋಷ ಇರಲೇ ಇಲ್ಲ ಅಂತ ಸಿಡ್ ಮಯರ್ ತನ್ನ 2020ರ ಆತ್ಮಕಥನದಲ್ಲಿ ಬರೆದಿದ್ದಾನೆ. ಆಧಾರವಿಲ್ಲದ ಕಥೆ, ಚೆನ್ನಾಗಿದೆ ಅನ್ನುವ ಒಂದೇ ಕಾರಣಕ್ಕೆ ವರ್ಷಾನುಗಟ್ಟಲೆ ಬದುಕಿತು. ಇತಿಹಾಸ ಓದುವವರಿಗೆ ಇದು ಹೊಸದೇನಲ್ಲ.

ಇನ್ನು ಇಬ್ಬರು ಅಶೋಕರು. ಏಳನೆಯ ಆವೃತ್ತಿಯಲ್ಲಿ ಒಬ್ಬ ಅಶೋಕ 'ಲೋಕವನ್ನು ತ್ಯಜಿಸಿದವನು', ಇನ್ನೊಬ್ಬ 'ಲೋಕವನ್ನು ಗೆದ್ದವನು'. ಬೇಕಾದವನನ್ನು ಆರಿಸಿಕೊಳ್ಳಬಹುದು. ತ್ಯಾಗಿ ಅಶೋಕನ ಊರುಗಳಲ್ಲಿ ಪ್ರಜೆಗಳ ಸಂತೋಷ ಹೆಚ್ಚಾದಷ್ಟೂ ಆಹಾರ ಹೆಚ್ಚುತ್ತದೆ. ವಿಜೇತ ಅಶೋಕನ ಊರುಗಳಲ್ಲಿ ಅದೇ ಸಂತೋಷ ಉತ್ಪಾದನೆಯಾಗುತ್ತದೆ, ಅಂದರೆ ಬೇಕೆಂದರೆ ಬಿಲ್ಲು, ಬಾಣ, ಆನೆ. ತಾನು ಕಟ್ಟದೆ ಬೇರೆಯವರಿಂದ ಪಡೆದ ಊರುಗಳಲ್ಲಿ ಅವನಿಗೆ ಉತ್ಪಾದನೆ ಇನ್ನೂ ಜಾಸ್ತಿ. ಅಷ್ಟೇ ಅಲ್ಲ, ಅವನು ವಿಧಿವತ್ತಾಗಿ ಯುದ್ಧ ಸಾರಿದರೆ ಅವನ ರಾಜ್ಯದಲ್ಲಿ ಉತ್ಸವ ಶುರುವಾಗುತ್ತದೆ. ಕಾಕಾನ ಮಗ ಯಾರನ್ನು ಆರಿಸಿದ ಅಂತ ಹೇಳಬೇಕಾಗಿಲ್ಲ.

ಅವತ್ತು ಅವನ ಅಶೋಕ ಯುದ್ಧ ಸಾರಿದ, ಪರದೆಯ ಮೇಲೆ ಹಬ್ಬವಾಯಿತು. ನಾನು ಪಕ್ಕದಲ್ಲಿ ಕೂತು ಶೇಂಗಾ ತಿನ್ನುತ್ತ ಅವನಿಗೆ ಸಲಹೆ ಕೊಟ್ಟೆ. ಸುಳ್ಳು ಯಾಕೆ ಹೇಳಲಿ, ಮಜವೇ ಬಂತು. ಬೆಳಗಿನ ಜಾವ ಮಲಗುವಾಗ ಒಂದು ಲೆಕ್ಕ ಹೊಳೆಯಿತು. ಇವರಿಬ್ಬರಿಗಿಂತ ಬೇರೆಯಾದ ಮೂರನೆಯ ಅಶೋಕ ಅದೇ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಮೇಲೆ ಇದ್ದಾನಲ್ಲ.

ಸನ್ನತಿಗೆ ನಾನು ಮೊದಲೂ ಹೋಗಿದ್ದೆ. ಆದರೆ ಆಟ ಆಡಿದ ಮೇಲೆ ಹೋದದ್ದು ಅದೇ ಮೊದಲು. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಪಕ್ಕದ ಕನಗನಹಳ್ಳಿಯ ಸ್ತೂಪವನ್ನು 1990ರ ದಶಕದಲ್ಲಿ ಅಗೆದಾಗ, ರಾಣಿಯರೂ ಪರಿಚಾರಿಕೆಯರೂ ಜೊತೆಗಿರುವ ಒಬ್ಬ ರಾಜನ ಶಿಲ್ಪ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿಯಲ್ಲಿ ರಾಜಾ ಅಶೋಕ ಅಂತ ಹೆಸರೇ ಇದೆ. ಅವನ ಕಾಲಕ್ಕೆ ಎಷ್ಟೋ ತಲೆಮಾರುಗಳ ನಂತರ ಕೆತ್ತಿದ್ದು. ಆ ಶಿಲ್ಪದಲ್ಲಿ ಅವನ ಕೈಯಲ್ಲಿ ಕತ್ತಿಯಿಲ್ಲ.

ನನ್ನನ್ನು ಕಾಡಿದ್ದು ಶಿಲ್ಪಕ್ಕಿಂತ ಹೆಚ್ಚಾಗಿ ಶಾಸನ. ಅಶೋಕನ ಬಂಡೆಗಲ್ಲಿನ ದೊಡ್ಡ ಶಾಸನಗಳು ಹದಿನಾಲ್ಕು. ಅವುಗಳಲ್ಲಿ ಹದಿಮೂರನೆಯದು ಕಳಿಂಗ ಯುದ್ಧದ್ದು. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದದ್ದು, ಒಂದು ಲಕ್ಷ ಜನ ಸತ್ತದ್ದು, ಅದಕ್ಕಿಂತ ಎಷ್ಟೋ ಪಟ್ಟು ಜನ ಆಮೇಲೆ ಅಳಿದದ್ದು ಎಲ್ಲವನ್ನೂ ಹೇಳಿಕೊಂಡು ರಾಜ ಪಶ್ಚಾತ್ತಾಪ ಪಡುತ್ತಾನೆ. ಯುದ್ಧ ಗೆದ್ದ ಅರಸ ತಾನು ಕೊಂದವರ ಲೆಕ್ಕವನ್ನು ದುಃಖದಿಂದ ಬರೆಸಿದ್ದು ಪ್ರಪಂಚದಲ್ಲೇ ಅಪರೂಪ. ಆಟದ ತ್ಯಾಗಿ ಅಶೋಕ ಹುಟ್ಟಿದ್ದು ಈ ಕಲ್ಲಿನಿಂದಲೇ. ಆದರೆ ಸನ್ನತಿಯ ಕಲ್ಲಿನಲ್ಲಿ ಹನ್ನೆರಡನೆಯದಾದ ಮೇಲೆ ಹದಿನಾಲ್ಕನೆಯ ಶಾಸನ ಬರುತ್ತದೆ, ನಡುವಿನ ಹದಿಮೂರು ಇಲ್ಲ. ಕಲ್ಲಿನ ಇನ್ನೊಂದು ಮುಖದಲ್ಲಿ, ಎಲ್ಲ ಪ್ರಜೆಗಳನ್ನೂ ತನ್ನ ಮಕ್ಕಳೆಂದು ಕರೆಯುವ ಎರಡು ಪ್ರತ್ಯೇಕ ಶಾಸನಗಳಿವೆ. ಹೀಗೆ ಹದಿಮೂರನ್ನು ಬಿಟ್ಟು ಆ ಎರಡನ್ನು ಹಾಕಿದ್ದು ಇನ್ನೆಲ್ಲಿ? ಧೌಲಿ ಮತ್ತು ಜೌಗಡದಲ್ಲಿ, ಅಂದರೆ ಕಳಿಂಗದಲ್ಲೇ.

ಸೋತವರ ನಾಡಿನಲ್ಲಿ ಸೋಲಿನ ಲೆಕ್ಕ ಬರೆಸಿಲ್ಲ. ಪಶ್ಚಾತ್ತಾಪ ದೂರದವರಿಗೆ, ಸಾಂತ್ವನ ಇಲ್ಲಿಯವರಿಗೆ. ಭೀಮಾ ತೀರದ ನಮ್ಮ ಹಿರಿಯರಿಗೆ ಕಳಿಂಗದವರ ಪಠ್ಯವನ್ನೇ ಯಾಕೆ ಕೊಟ್ಟರು ಅನ್ನುವುದು ವಿದ್ವಾಂಸರು ಇನ್ನೂ ಚರ್ಚಿಸುವ ಪ್ರಶ್ನೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಆಟದವರು ಅಶೋಕನನ್ನು ಎರಡು ಮಾಡಿ, ಒಬ್ಬನನ್ನು ಆರಿಸಿಕೊಳ್ಳಿ ಅನ್ನುತ್ತಾರೆ. ಸನ್ನತಿಯಲ್ಲಿ ಇಬ್ಬರೂ ಒಂದೇ ಕಲ್ಲಿನಲ್ಲಿದ್ದಾರೆ. ಮಕ್ಕಳೇ ಅಂತ ಕರೆಯುವವನೂ ಅವನೇ, ಯಾವ ಊರಿನಲ್ಲಿ ಯಾವ ಮಾತು ಹೇಳಬೇಕು, ಯಾವುದನ್ನು ಬಿಡಬೇಕು ಅಂತ ಚೆನ್ನಾಗಿ ಬಲ್ಲ ಚಕ್ರವರ್ತಿಯೂ ಅವನೇ.

ಇದನ್ನು ಬರೆದುಕೊಂಡು, ಆಟದವರು ಇತಿಹಾಸವನ್ನು ಹೇಗೆ ಸರಳ ಮಾಡುತ್ತಾರೆ ನೋಡಿ ಅಂತ ಹೆಮ್ಮೆಯಿಂದ ಊರಿಗೆ ಬಂದೆ. ಆ ಹೆಮ್ಮೆ ಹದಿನೈದು ದಿನ ಉಳಿಯಲಿಲ್ಲ.

ನನ್ನ ಮಾರ್ಗದರ್ಶಕರು ಪ್ರಬಂಧದ ಎರಡನೆಯ ಅಧ್ಯಾಯವನ್ನು ತಿದ್ದಿ ಕಳಿಸಿದರು. ಅದು ಮಳಖೇಡದ್ದು, ಅಂದರೆ ಮಾನ್ಯಖೇಟದ್ದು. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮೇಲಿರುವ ಈ ಊರು ಅಮೋಘವರ್ಷನ ರಾಜಧಾನಿಯಾಗಿತ್ತು, ಪೊನ್ನನಿಗೆ ಆಶ್ರಯ ಕೊಟ್ಟ ಮೂರನೇ ಕೃಷ್ಣನ ರಾಜಧಾನಿಯಾಗಿತ್ತು. ನಾನು ಬರೆದಿದ್ದ ವಾಕ್ಯ ಇಷ್ಟು: 'ಕ್ರಿ.ಶ. 972ರಲ್ಲಿ ಪರಮಾರ ಸೀಯಕನು ಖೊಟ್ಟಿಗನನ್ನು ಸೋಲಿಸಿ ಮಾನ್ಯಖೇಟವನ್ನು ವಶಪಡಿಸಿಕೊಂಡು ಕೊಳ್ಳೆ ಹೊಡೆದನು. ಮರುವರ್ಷ ತೈಲಪನು ಅಧಿಕಾರಕ್ಕೆ ಬಂದನು.' ಅದರ ಪಕ್ಕದಲ್ಲಿ ಸರ್ ಪೆನ್ಸಿಲ್‌ನಲ್ಲಿ ಬರೆದಿದ್ದರು: 'ಊರಲ್ಲಿ ಯಾರಿದ್ದರು?'

ಎರಡು ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ಒಂದು ಟರ್ನ್‌ನಲ್ಲಿ ಸೀಯಕ, ಮುಂದಿನ ಟರ್ನ್‌ನಲ್ಲಿ ತೈಲಪ. ನಾನು ಆಟದ ಹಾಗೆಯೇ ಬರೆದಿದ್ದೆ. ಅದಕ್ಕೆ ಆಟವನ್ನು ಬೈದು ಉಪಯೋಗವಿರಲಿಲ್ಲ. ಆಟದವರು ಈ ರೀತಿಯನ್ನು ಕಲಿತದ್ದು ನಮ್ಮಂಥವರ ಪುಸ್ತಕಗಳಿಂದಲೇ. ಶಾಲೆಯ ಪಠ್ಯದಲ್ಲಿ ಬಾಣದ ಗುರುತು ಹಾಕಿದ ನಕ್ಷೆ ನೋಡಿ ಬೆಳೆದವರಲ್ಲವೇ ನಾವೆಲ್ಲ? ಬಾಣದ ಕೆಳಗೆ ಯಾವ ಊರು ಬಂತು ಅಂತ ಯಾರೂ ಕೇಳಲಿಲ್ಲ.

ಹಾಗಾದರೆ ಊರಲ್ಲಿ ಯಾರಿದ್ದರು? ಒಬ್ಬನ ಹೆಸರಂತೂ ನಮಗೆ ಗೊತ್ತು. ಅಪಭ್ರಂಶ ಕವಿ ಪುಷ್ಪದಂತ. ಬೇರೆ ಕಡೆಯಿಂದ ಅಲೆದು ಬಂದು ಮಾನ್ಯಖೇಟದಲ್ಲಿ ಮಂತ್ರಿ ಭರತನ ಮನೆಯಲ್ಲಿ ಆಶ್ರಯ ಪಡೆದು ಮಹಾಪುರಾಣ ಬರೆದವನು. ಊರು ಸುಟ್ಟುಹೋದುದನ್ನು ಕಂಡು, ಇನ್ನು ತಾನು ಎಲ್ಲಿ ಬಾಳುವುದು ಅಂತ ಕೇಳುವ ಒಂದು ಪದ್ಯ ಅವನ ಕಾವ್ಯದಲ್ಲಿ ಉಳಿದಿದೆ. ಆ ಕಡೆ, ಗೆದ್ದವರ ಧಾರಾ ನಗರದಲ್ಲಿ ಧನಪಾಲನೆಂಬ ಇನ್ನೊಬ್ಬ ವಿದ್ವಾಂಸನಿದ್ದ. ಅವನು ತಂಗಿ ಸುಂದರಿಗಾಗಿ 'ಪಾಇಯಲಚ್ಛೀ' ಎಂಬ ಪ್ರಾಕೃತ ನಿಘಂಟು ಬರೆದ. ಅದು ಮುಗಿದ ವರ್ಷವನ್ನು ಹೇಳುವಾಗ, ವಿಕ್ರಮ ಸಂವತ್ 1029, ಮಾಳವದವರು ಮಾನ್ಯಖೇಟವನ್ನು ಕೊಳ್ಳೆ ಹೊಡೆದ ಕಾಲ ಅಂತ ಗುರುತು ಕೊಟ್ಟ. ನಾವು 972 ಅಂತ ಖಚಿತವಾಗಿ ಹೇಳುವುದಕ್ಕೆ ಆಧಾರವೇ ಆ ನಿಘಂಟು. ಒಬ್ಬ ಅಣ್ಣ ತಂಗಿಗೆ ಶಬ್ದಗಳನ್ನು ಜೋಡಿಸಿ ಕೊಡುತ್ತಿದ್ದಾನೆ, ಅದೇ ಹೊತ್ತಿಗೆ ಇನ್ನೊಬ್ಬ ಬರಹಗಾರನ ಊರು ಉರಿಯುತ್ತಿದೆ. ಇಬ್ಬರೂ ಜೈನ ಪರಂಪರೆಗೆ ಸೇರಿದವರು, ಇಬ್ಬರೂ ಶಬ್ದದಿಂದಲೇ ಬದುಕಿದವರು.

ಆಟಕ್ಕೂ ನ್ಯಾಯ ಸಲ್ಲಿಸಬೇಕು. ಅದು ನನಗೆ ಒಂದು ಒಳ್ಳೆಯ ಪ್ರಶ್ನೆಯನ್ನೂ ಕೊಟ್ಟಿತು. ಆಟದಲ್ಲಿ ದಂಡು ಸರಿಸುವಾಗ ಪ್ರತಿ ಮನೆಯನ್ನೂ ಎಣಿಸಬೇಕು. ನದಿ ಬಂದರೆ ನಿಲ್ಲಬೇಕು, ಗುಡ್ಡ ಬಂದರೆ ತಡವಾಗುತ್ತದೆ. ಹಾಗಾಗಿ ಧಾರದಿಂದ ಮಳಖೇಡಕ್ಕೆ ಎಷ್ಟು ದೂರ ಅಂತ ನಾನು ಮೊದಲ ಸಲ ಅಳೆದೆ. ನೇರ ಗೆರೆ ಎಳೆದರೂ ಆರುನೂರು ಕಿಲೋಮೀಟರಿಗೂ ಹೆಚ್ಚು. ನರ್ಮದೆ, ತಾಪಿ, ಗೋದಾವರಿ ದಾಟಬೇಕು. ಅಷ್ಟು ದೂರ ಬಂದ ಆನೆ, ಕುದುರೆ, ಕಾಲಾಳು ಏನು ತಿಂದವು? ಆಟದಲ್ಲಿ ದಂಡಿನ ಖರ್ಚು ಖಜಾನೆಯಿಂದ ತಾನಾಗಿ ಕಳೆಯುತ್ತದೆ. ಶತ್ರುವಿನ ಹೊಲ ಕೊಳ್ಳೆ ಹೊಡೆದರೆ ದಂಡಿನ ಗಾಯವೂ ಮಾಯುತ್ತದೆ. ಹೊಲದವನ ಗಾಯಕ್ಕೆ ಮಾತ್ರ ಅಲ್ಲಿ ಅಂಕಿಯಿಲ್ಲ. ನಿಜದಲ್ಲಿ ಆ ದಂಡು ದಾರಿಯುದ್ದಕ್ಕೂ ಊರುಗಳ ಕಣಜ ತಿಂದೇ ಬಂದಿರಬೇಕು. ಪುಷ್ಪದಂತನ ಊರು ಉರಿಯುವ ಮೊದಲು ಹೆಸರಿಲ್ಲದ ಎಷ್ಟು ಊರುಗಳ ಒಲೆ ಆರಿತ್ತೋ.

ಯುದ್ಧವನ್ನು ಆಟ ಮಾಡಿದ್ದು ಕಂಪ್ಯೂಟರಿನವರೇ ಮೊದಲಲ್ಲ. ಚಿಂಚೋಳಿಗೆ ದೂರವೇನಲ್ಲದ ಕಲ್ಯಾಣದಲ್ಲಿ ಆಳಿದ ಮೂರನೇ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಚದುರಂಗದ ವಿವರ ಕೊಟ್ಟಿದ್ದಾನೆ. ಆನೆ, ಕುದುರೆ, ರಥ, ಕಾಲಾಳು, ಒಬ್ಬರಾದ ಮೇಲೆ ಒಬ್ಬರ ಸರದಿ. ಯುದ್ಧ ಮಾಡುವ ಅರಸರೇ ಯುದ್ಧದ ಆಟವನ್ನೂ ಆಡುತ್ತಿದ್ದರು. ಆದರೆ ಚದುರಂಗದ ಹಾಸಿನಲ್ಲಿ ಊರುಗಳಿಲ್ಲ. ಅರವತ್ತನಾಲ್ಕು ಮನೆಯಲ್ಲಿ ಒಂದರಲ್ಲೂ ಯಾರೂ ಜ್ವಾಳ ಬಿತ್ತಿಲ್ಲ. ಆ ಮಟ್ಟಿಗೆ ಅದು ಪ್ರಾಮಾಣಿಕ ಆಟ. ಹೊಸ ಆಟ ಊರುಗಳನ್ನು ತಂದಿತು, ಜನರನ್ನು ತರಲಿಲ್ಲ. ಜನಸಂಖ್ಯೆ ಅಂತ ಒಂದು ಅಂಕಿ ತಂದಿತು.

ಹಾಗಂತ ನಿಜದ ಯುದ್ಧದಲ್ಲಿ ನಿಯಮವೇ ಇರಲಿಲ್ಲ ಅನ್ನುವುದೂ ತಪ್ಪು. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನ ಮೊದಲನೇ ಮುಹಮ್ಮದನಿಗೂ ವಿಜಯನಗರದ ಬುಕ್ಕನಿಗೂ 1366-67ರ ಸುಮಾರಿಗೆ ಘೋರ ಯುದ್ಧವಾಯಿತು. ಸಾಮಾನ್ಯ ಜನರ ಕಗ್ಗೊಲೆಯಾದ ಮೇಲೆ ರಾಯಭಾರಿಗಳು ಮಧ್ಯಸ್ಥಿಕೆ ಮಾಡಿ, ಇನ್ನು ಮುಂದೆ ಕಾಳಗದಲ್ಲಿಲ್ಲದವರನ್ನು ಕೊಲ್ಲಬಾರದು ಅಂತ ಒಪ್ಪಂದವಾಯಿತು ಎಂದು ವಿಜಯಪುರದಲ್ಲಿ ಕೂತು ಬರೆದ ಫೆರಿಷ್ಟಾ ಹೇಳುತ್ತಾನೆ. ಅವನು ಕೊಡುವ ಸಾವಿನ ಸಂಖ್ಯೆಗಳು ಉತ್ಪ್ರೇಕ್ಷೆ ಅನ್ನುವುದರಲ್ಲಿ ಅನುಮಾನವಿಲ್ಲ, ಅವನು ಬರೆದದ್ದೂ ಎರಡು ಶತಮಾನದ ನಂತರ. ಆದರೂ ಅಂಥ ಒಂದು ಮಾತನ್ನು ದಾಖಲಿಸಬೇಕು ಅಂತ ಅವನಿಗೆ ಅನಿಸಿತಲ್ಲ, ಅದು ದೊಡ್ಡದು. ನಾನು ಓದಿದ ಯಾವ ಪಠ್ಯಪುಸ್ತಕದಲ್ಲೂ ರಾಯಚೂರು ದೋಆಬಿನ ಯುದ್ಧಗಳ ಪಟ್ಟಿಯಿತ್ತು, ಈ ಒಪ್ಪಂದ ಇರಲಿಲ್ಲ.

ಇಷ್ಟೆಲ್ಲ ಹಳೆಯ ಕಥೆ ಯಾಕೆ ಅಂತ ನನಗೂ ಅನಿಸುತ್ತಿತ್ತು. ಒಂದು ದಿನ ಆಯಿ ಹತ್ತಿರ ಕೂತಿದ್ದೆ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಅವಳ ತವರು ಚಿತ್ತಾಪುರದ ಹತ್ತಿರದ ಒಂದು ಹಳ್ಳಿ. ನಾನು ಕೇಳಿದ್ದು ಬೇರೆ ಏನೋ, ಅವಳು ಹೇಳಿದ್ದು 'ಗದ್ದಲದ ವರ್ಷ'ದ ಮಾತು. ಅವಳಿಗೆ ಆಗ ಹತ್ತು ವರ್ಷ.

"ರಜಾಕಾರರು ಬಂದಾರಂತ ಯಾರೋ ಅಂದ್ರು. ನಮ್ಮಪ್ಪ ನಮ್ಮನ್ನೆಲ್ಲ ಸಜ್ಜಿ ಹೊಲದಾಗ ಕೂಡಿಸ್ದ. ರಾತ್ರಿ ಪೂರಾ ಮಳಿ. ಕೆಮ್ಮು ಬಂದ್ರ ಅವ್ವ ಸೆರಗು ಬಾಯಾಗ ತುರುಕ್ತಿದ್ಳು." ಸ್ವಲ್ಪ ಹೊತ್ತು ಸುಮ್ಮನಾದಳು. "ಆಮ್ಯಾಲ ಮಿಲಿಟ್ರಿ ಬಂತು. ನಮ್ದು ಮುಗೀತು, ಅವ್ರದು ಚಾಲೂ ಆಯ್ತು. ಬಾಜೂ ಮನ್ಯಾಗ ಬಳಿಗಾರ್ ಬೂಬಮ್ಮ ಇದ್ಳು, ನಂಗ ತಲಿ ಹಿಕ್ತಿದ್ಳು. ಒಂದ್ ರಾತ್ರಿ ಅವ್ರೆಲ್ಲ ಹೋದ್ರು. ಎಲ್ಲಿ ಹೋದ್ರು ಅಂತ ಯಾರೂ ಕೇಳ್ಲಿಲ್ಲ. ಆ ಮನಿ ಒಲಿ ಮತ್ತ ಹೊತ್ತಲಿಲ್ಲ ನೋಡು."

ಹೈದರಾಬಾದ್ ಪೊಲೀಸ್ ಕಾರ್ಯಾಚರಣೆ ನಡೆದದ್ದು 1948ರ ಸೆಪ್ಟೆಂಬರ್ 13ರಿಂದ 17ರವರೆಗೆ, ಐದೇ ದಿನ. ನಿಜಾಮನ ಆಳ್ವಿಕೆಯೂ ರಜಾಕಾರರ ಹಾವಳಿಯೂ ಮುಗಿದ ಆ ಸೆಪ್ಟೆಂಬರ್ 17ನ್ನು ನಾವು ಈಗ ಕಲ್ಯಾಣ ಕರ್ನಾಟಕ ಉತ್ಸವವಾಗಿ ಆಚರಿಸುತ್ತೇವೆ. ಆಚರಿಸಬೇಕು ಕೂಡ. ಆದರೆ ಅದರ ನಂತರದ ವಾರಗಳಲ್ಲಿ ಆದ ಹತ್ಯೆಗಳ ಬಗ್ಗೆ, ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ವರದಿ ಕೊಟ್ಟಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು, ಉಳಿದವು ಬೀದರ, ಉಸ್ಮಾನಾಬಾದ್, ನಾಂದೇಡ್. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಸನ್ನತಿಯ ಕಲ್ಲಿನಲ್ಲಿ ಹದಿಮೂರನೆಯ ಶಾಸನ ಇಲ್ಲದ್ದು ಆಗ ನನಗೆ ಮತ್ತೆ ನೆನಪಾಯಿತು. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ವರದಿಯ ವಿಷಯ ಗೊತ್ತಿತ್ತು. ಬೂಬಮ್ಮನ ವಿಷಯ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಆಯಿ ಜೊತೆ ಬೆಳೆದರೂ ನಾನು ಕೇಳಿರಲಿಲ್ಲ. ಮಬ್ಬು ಮುಸುಕಿದ ಮನೆ ನಕ್ಷೆಯ ದೂರದ ಮೂಲೆಯಲ್ಲಿರಲಿಲ್ಲ, ನಮ್ಮ ಮನೆಯ ಪಡಸಾಲೆಯಲ್ಲೇ ಇತ್ತು.

ಎರಡನೆಯ ಅಧ್ಯಾಯವನ್ನು ಮತ್ತೆ ಬರೆದೆ. ಎರಡು ವಾಕ್ಯವಿದ್ದದ್ದು ಈಗ ಒಂಬತ್ತು ಪುಟ. ಪುಷ್ಪದಂತ ಬಂದ, ಧನಪಾಲನೂ ಅವನ ತಂಗಿಯೂ ಬಂದರು, ದಾರಿಯ ನದಿಗಳು ಬಂದವು. ದಾಖಲೆಯಿಲ್ಲದವರ ಬಗ್ಗೆ ಕಥೆ ಕಟ್ಟಲಿಲ್ಲ, ದಾಖಲೆಯಿಲ್ಲ ಅಂತಲೇ ಬರೆದೆ. ಆದರೆ ಅವರಿದ್ದರು ಅನ್ನುವುದನ್ನಂತೂ ಬರೆದೆ. ಸರ್ ಓದಿ ಬೇರೆ ಏನೂ ಹೇಳಲಿಲ್ಲ, ಮೂರನೆಯ ಅಧ್ಯಾಯ ಯಾವಾಗ ಅಂತ ಕೇಳಿದರು. ನಮ್ಮ ಸರ್ ಹೊಗಳುವುದು ಹಾಗೆಯೇ.

ಆಟ ಬಿಟ್ಟಿಲ್ಲ. ಬಿಡಬೇಕು ಅಂತಲೂ ಅನಿಸಿಲ್ಲ. ನಮ್ಮ ಮೂವರ ಗುಂಪು ಈಗಲೂ ಶನಿವಾರ ರಾತ್ರಿ ಕೂಡುತ್ತದೆ. ಬಿಡುಗಡೆಯಾದಾಗ ಆಟದಲ್ಲಿದ್ದ ಭಾರತದ ರಾಜ್ಯಗಳು ಮೌರ್ಯ, ಚೋಳ, ಮೊಘಲ ಮೂರೇ. 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ರಾಷ್ಟ್ರಕೂಟರು ಇಲ್ಲ ಅಂತ ಮೇಷ್ಟ್ರಿಗೆ ಸಿಟ್ಟು. ನನಗೂ ಇದೆ. ಆದರೆ ಬಂದರೆ ಹೇಗೆ ಬರುತ್ತಾರೆ ಅನ್ನುವ ಅಳುಕೂ ಇದೆ.

ಮೊನ್ನೆ ಮತ್ತೆ ರಾತ್ರಿ ಹನ್ನೊಂದಕ್ಕೆ ಕಾಕಾನ ಮಗನ ಫೋನ್. ಬಹಳ ದಿನದಿಂದ ಮುತ್ತಿಗೆ ಹಾಕಿದ್ದ ಊರು ಅವನ ಕೈವಶವಾಗಿತ್ತು. ಊರು ಗೆದ್ದಾಗ ಆಟ ಒಂದು ಪ್ರಶ್ನೆ ಕೇಳುತ್ತದೆ, ಇಟ್ಟುಕೊಳ್ಳುತ್ತೀರೋ ನೆಲಸಮ ಮಾಡುತ್ತೀರೋ ಅಂತ.

"ಏನ್ ಮಾಡ್ಲಿ ಅಣ್ಣಾ? ಇಟ್ಕೊಳ್ಲೋ, ಸುಡ್ಲೋ?"

"ಊರಾಗ ಯಾರ್ಯಾರ ಅದಾರೋ?" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಮೌಸ್ ಒತ್ತಿದ ಸಪ್ಪಳ ಕೇಳಿಸಿತು, ಹುಡುಕುತ್ತಿದ್ದ ಅನಿಸುತ್ತದೆ. "ಅದ್ಯಾವ್ದೂ ತೋರ್ಸಲ್ಲಣ್ಣಾ," ಅಂದ. "ಹನ್ನೆರಡು ಅಂತ ಬರದದ, ಅಷ್ಟೇ."